ಕುದುರೆ ಸ್ಯಾಡಲ್ ಪ್ಯಾಡ್, ಅದಕ್ಕೆ ಮ್ಯಾಚಿಂಗ್ ರೈಡಿಂಗ್ ಬಟ್ಟೆ: ಮಾರ್ಕೆಟ್‌ನಲ್ಲಿ ಏನು ಸಿಗ್ತಿಲ್ಲ?

ನೀವು ಕೇಳಿರೋದು ಇಷ್ಟು: ಹೊಲಿಗೆ ಗೊತ್ತೈತೆ, ಕುದುರೆ ಅಂದ್ರೆ ಪ್ರಾಣ, ಸ್ಯಾಡಲ್ ಪ್ಯಾಡೂ (ಕುದುರೆ ಬೆನ್ನ ಮೇಲೆ, ಜೀನಿನ ಕೆಳಗೆ ಹಾಸೋ ಮೆತ್ತೆ) ಅದಕ್ಕೆ ಹೊಂದೋ ಬಣ್ಣದ ರೈಡರ್ ಬಟ್ಟೆನೂ ಮಾಡಿ ಮಾರ್ಬೇಕು ಅಂತಿದೀನಿ, ಮಾರ್ಕೆಟ್‌ನಲ್ಲಿ ಕೊರತೆ ಎಲ್ಲೈತೆ, ಯಾವ ಬಣ್ಣ ಓಡ್ತವೆ ಅಂತ. ಬಣ್ಣದ ಮಾತು ಆಮೇಲೆ ಆಡೋಣ ರೀ. ನಾನು ನೋಡಿದ ಮಟ್ಟಿಗೆ ಕೊರತೆ ಇರೋದು ಅಳತೆಲಿ. ನಮ್ಮ ಕುದುರೆ ಬೆನ್ನಿಗೆ, ನಮ್ಮ ಮಂದಿ ಮೈಗೆ, ನಮ್ಮ ಬಿಸಿಲಿಗೆ ಅಂತ ಕತ್ತರಿಸಿ ಹೊಲಿದಿರೋ ಮಾಲು ಹುಡುಕಿದ್ರೂ ಸಿಗಲ್ಲ.

ನಾನು ಬಳ್ಳಾರಿಯೋನು. ಕೌಲ್ ಬಜಾರ್ ಕಡೆ 12 ಮಷಿನ್ ಇಟ್ಕೊಂಡು ಜೀನ್ಸ್ ಜಾಬ್‌ವರ್ಕ್ ಮಾಡ್ತೀನಿ. ನಾಕು ವರ್ಷದ ಹಿಂದೆ ಗಂಗಾವತಿ ಕಡೆ ಫಾರ್ಮ್ ಇಟ್ಕೊಂಡಿರೋ ಒಬ್ರು ಬಂದು, ಮೂರು ಕುದುರೆ ಅದಾವೆ, ಹೊರಗಿಂದ ತರ್ಸಿದ ಪ್ಯಾಡ್ ಯಾವುದೂ ಸರಿಯಾಗಿ ಕೂಡ್ತಿಲ್ಲ, ನೀವು ದಪ್ಪ ಬಟ್ಟೆ ಹೊಲಿಯೋರಲ್ಲ, ಒಂದು ಮಾಡಿಕೊಡ್ರಿ ಅಂದ್ರು. ಪ್ಯಾಡ್ ಹೊಲಿಯೋದೇನು ಮಹಾ, ಕ್ವಿಲ್ಟ್ ಬಟ್ಟೆ ತಂದು ಎರಡು ಮಡಿಕೆ ಮಾಡಿ ಸುತ್ತ ಪೈಪಿಂಗ್ ಹೊಡೆದ್ರೆ ಆಯ್ತು ಅನ್ಕೊಂಡೆ. ಮೇಲಿನ ಗೆರೆ ಸ್ಕೇಲ್ ಇಟ್ಟಂಗೆ ನೆಟ್ಟಗೆ, ನಡು ಬೆನ್ನಿನ ಮೇಲೆ ಜೀನ್ಸ್‌ಗೆ ಹಾಕೋ ಥರ ಎರಡು ಸೂಜಿ ದಪ್ಪ ಹೊಲಿಗೆ. ನೋಡೋಕೆ ಭಾಳ ಚೆನ್ನಾಗಿತ್ತು. ಅವರು ಒಂದು ವಾರ ಅದನ್ನೇ ಹಾಕಿ ದಿನಾ ಓಡಿಸಿದ್ರು. ವಾರ ಆದ್ಮೇಲೆ ನಾನೇ ನೋಡೋಕೆ ಹೋದೆ. ಜೀನು ಇಳಿಸಿ ಪ್ಯಾಡ್ ಎತ್ತಿದ್ರೆ ಬೆನ್ನೆಲ್ಲ ಬೆವರಲ್ಲಿ ನೆಂದು ನೊರೆ ಬಂದಿತ್ತು, ಆದ್ರೆ ಕುತ್ತಿಗೆ ಮುಗಿದು ಬೆನ್ನು ಶುರುವಾಗೋ ಕಡೆ ಎತ್ತರಕ್ಕೆ ಎದ್ದಿರ್ತದಲ್ಲ ಎಲುಬು, ವಿದರ್ಸ್ ಅಂತಾರೆ ಅದಕ್ಕೆ, ಅಲ್ಲಿ ಮಾತ್ರ ಅಂಗೈಯಷ್ಟು ಜಾಗ ಒಣಗಿತ್ತು, ಕೂದಲು ತುಂಡಾಗಿ ಚರ್ಮ ಕೆಂಪಗೆ ಕಾಣ್ತಿತ್ತು. ಕುದುರೆ ನೋಡ್ಕೊಳ್ಳೋ ಅಜ್ಜಾರು ನನ್ನ ಕೈ ಹಿಡಿದು ಆ ಜಾಗದ ಮೇಲೆ ಇಟ್ರು. ಕಾದ ಹೆಂಚಿನಂಗೆ ಸುಡ್ತಿತ್ತು. "ಸುತ್ತ ಎಲ್ಲ ಬೆವತು ಒಂದು ಕಡೆ ಮಾತ್ರ ಒಣಗಿದ್ರೆ ಅಲ್ಲಿ ಒತ್ತೈತೆ ಅಂತ ತಿಳ್ಕೋ ತಮ್ಮಾ, ರಕ್ತ ಆಡಂಗಿಲ್ಲ ಅಲ್ಲಿ" ಅಂದ್ರು. ಗಾಯ ವಾಸಿ ಆಯ್ತು, ಆದ್ರೆ ಆ ಕಂದು ಕುದುರೆ ಮೇಲೆ ಆ ಜಾಗದಲ್ಲಿ ಈಗ ರೂಪಾಯಿ ಬಿಲ್ಲೆಯಷ್ಟು ಬೆಳ್ಳಗಿನ ಕೂದಲು ಬಂದೈತೆ. ಒತ್ತಿ ಒತ್ತಿ ಕೂದಲ ಬೇರು ಕೆಟ್ರೆ ಹಂಗೇ ಬೆಳ್ಳಗೆ ಹುಟ್ಟೋದು, ಮತ್ತೆ ಬಣ್ಣ ಬರಲ್ಲ. ಅದನ್ನ ನೋಡಿದಾಗೆಲ್ಲ ನನಗೆ ಹೊಟ್ಟೆಲಿ ಸಂಕಟ ಆಗ್ತದೆ.

ಅದಕ್ಕೇ ಮೊದಲು ಈ ಮಾತು ಹೇಳಿದ್ದು. ನೀವು ಆನ್‌ಲೈನ್‌ನಲ್ಲಿ ನೋಡಿರೋ ಮ್ಯಾಚಿಂಗ್ ಸೆಟ್, ಪ್ಯಾಡು, ಕಿವಿ ಟೋಪಿ, ಕಾಲಿನ ಬ್ಯಾಂಡೇಜು, ರೈಡರ್ ಟೀಶರ್ಟ್ ಎಲ್ಲ ಒಂದೇ ಬಣ್ಣದ್ದು, ಆ ಫ್ಯಾಶನ್‌ನ ಬೆಳೆಸಿದ್ದು ಇಂಗ್ಲೆಂಡಿನ ಲೆಮ್ಯೂ, ಜರ್ಮನಿಯ ಎಸ್ಕಾಡ್ರಾನ್ ಥರದ ಬ್ರ್ಯಾಂಡ್‌ಗಳು. ಅವು ಒಳ್ಳೆ ಮಾಲೇ, ಸುಳ್ಳು ಹೇಳಬಾರದು. ಆದ್ರೆ ಅಲ್ಲಿನ ಫುಲ್ ಸೈಜು ಅಂದ್ರೆ ವಾರ್ಮ್‌ಬ್ಲಡ್ ಅಂತಾರಲ್ಲ, ಯುರೋಪಿನ ಅಗಲ ಬೆನ್ನಿನ ಎತ್ತರದ ಸ್ಪರ್ಧೆ ಕುದುರೆ, ಅದರ ಅಳತೆ. ನಮ್ಮಲ್ಲಿ ಮಾರ್ವಾರಿ, ಕಾಠಿಯಾವಾಡಿ, ಇವೆರಡರ ಮಿಶ್ರ ತಳಿ, ಆಮೇಲೆ ನಮ್ಮ ದಖ್ಖನ್ನಿನ ಭೀಮಥಡಿ ಕುದುರೆ ಐತೆ, ಗಿಡ್ಡ ಜಾತಿ. ಬೆನ್ನು ಗಿಡ್ಡ, ಅಗಲ ಕಮ್ಮಿ, ಎಷ್ಟೋ ಕುದುರೆಗೆ ವಿದರ್ಸ್ ಮಾತ್ರ ಚೂಪಾಗಿ ಎದ್ದಿರ್ತದೆ. ಫುಲ್ ಸೈಜ್ ಹಾಕಿದ್ರೆ ಪ್ಯಾಡ್ ಹಿಂದಕ್ಕೆ ಸೊಂಟದವರೆಗೂ ಹೋಗ್ತೈತೆ, ಪೋನಿ ಸೈಜ್ ಹಾಕಿದ್ರೆ ಜೀನಿನ ರೆಕ್ಕೆ ಹೊರಗೆ ಬಂದು ಚರ್ಮಕ್ಕೇ ಉಜ್ತೈತೆ. ನಡುವೆ ಕಾಬ್ ಅಂತ ಒಂದು ಸೈಜ್ ಐತೆ, ಅದೂ ಉದ್ದಕ್ಕೆ ಕೂಡ್ತೈತೆ, ಎತ್ತರಕ್ಕೆ ಕೂಡಲ್ಲ.

ಕಿವಿ ಟೋಪಿದಂತೂ ಕೇಳ್ಲೇಬೇಡ್ರಿ. ಮಾರ್ವಾರಿ, ಕಾಠಿಯಾವಾಡಿ ಕುದುರೆ ಕಿವಿ ಒಳಗಡೆ ಬಾಗಿ ತುದಿ ತುದಿ ಮುಟ್ಟಂಗಿರ್ತವೆ, ಅದೇ ಅವುಗಳ ಚೆಂದ. ಹೊರಗಿನ ಟೋಪಿಗೆ ಎರಡು ಕಿವಿ ಚೀಲ ದೂರ ದೂರ, ನೆಟ್ಟಗೆ ನಿಲ್ಲೋ ಕಿವಿಗೆ ಹೆಣೆದಿರ್ತಾರೆ. ನಮ್ಮ ಕುದುರೆಗೆ ಹಾಕಿದ್ರೆ ಕಿವಿ ಎರಡು ಕಡೆ ಎಳೆದಂಗಾಗಿ ಅದು ತಲೆ ಒದರಿ ಒದರಿ ಕಿತ್ತಾಕ್ತೈತೆ. ಬಾಗಿದ ಕಿವಿಗೆ ಅಂತ ಅಳತೆ ಮಾಡಿ ಕ್ರೋಷಾದಲ್ಲಿ ಹೆಣೆದು ಕೊಡೋರು ನನ್ನ ಕಣ್ಣಿಗೆ ಒಬ್ರೂ ಬಿದ್ದಿಲ್ಲ. ನಮ್ಮ ಕಡೆ ಮನೇಲಿ ಕೂತು ಕ್ರೋಷಾ ಹಾಕೋ ಹೆಣ್ಮಕ್ಕಳು ಎಷ್ಟು ಮಂದಿ ಇಲ್ಲ ಹೇಳ್ರಿ, ನಿಮಗೆ ನಿಜವಾಗ್ಲೂ ಸಣ್ಣ ಬಂಡವಾಳದಲ್ಲಿ ಶುರು ಮಾಡ್ಬೇಕಂದ್ರೆ ಇದೇ ಮೊದಲನೇ ಐಟಂ.

ಒಂದು ಎಚ್ಚರಿಕೆ. ಬಿಳಿ ಕಾಟನ್ ಪ್ಯಾಡ್, ಸಾದಾ ಬ್ರೀಚಸ್ (ಸವಾರಿಗೆ ಹಾಕೋ ಬಿಗಿ ಪ್ಯಾಂಟು) ಕಡಿಮೆ ರೇಟಲ್ಲಿ ಮಾಡಿ ಗೆಲ್ತೀನಿ ಅಂತ ಹೋಗ್ಬೇಡ್ರಿ. ಕಾನ್ಪುರದಲ್ಲಿ ಬ್ರಿಟಿಷರ ಸೈನ್ಯಕ್ಕೆ ಜೀನು ಮಾಡೋ ಕಾಲದಿಂದ ಆ ಉದ್ಯೋಗ ಬೇರೂರೈತೆ, ಇವತ್ತಿಗೂ ಅಲ್ಲಿಂದ ದೇಶ ದೇಶಕ್ಕೆ ಸ್ಯಾಡಲರಿ ಹೋಗ್ತೈತೆ. ಆಮೇಲೆ ಬೆಂಗಳೂರಲ್ಲಿ ಡೆಕಾಥ್ಲಾನ್‌ಗೆ ಹೋದ್ರೆ ಫೂಗಾಂಝಾ ಅಂತ ಅವರದೇ ರೈಡಿಂಗ್ ಬ್ರ್ಯಾಂಡ್ ಐತೆ. ಅವರ ರೇಟಿಗೆ ನೀವು ನಾನು ಹೊಲಿಯೋಕೆ ಆಗಲ್ಲ. ಅವರು ಮಾಡದೇ ಬಿಟ್ಟಿರೋ ಕೆಲಸ ಹಿಡೀಬೇಕು.

ಈಗ ಒಳಗಿನ ಪದರದ ಮಾತು. ಕುದುರೆಯಷ್ಟು ಬೆವರೋ ಪ್ರಾಣಿ ಕಮ್ಮಿ, ಬಳ್ಳಾರಿ ರಾಯಚೂರು ಬೇಸಿಗೆ 42 ಡಿಗ್ರಿಲಿ ಫೋಮ್ ತುಂಬಿದ ದಪ್ಪ ಪ್ಯಾಡ್ ಹಾಕೋದು ಅಂದ್ರೆ ಅದರ ಬೆನ್ನಿಗೆ ಹಾಸಿಗೆ ಕಟ್ಟಿದಂಗೆ. ನಮ್ಮ ಹಿರಿಯರು ಏನು ಹಾಕ್ತಿದ್ರು? ಕಂಬಳಿ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವ ಹೀರಿಕೊಂಡ್ರೂ ಮುಟ್ಟಿದ್ರೆ ಒದ್ದೆ ಅನಿಸಲ್ಲ. ಇಂಗ್ಲಿಷಿನವರು ಜೀನಿನ ಕೆಳಗಿನ ಬಟ್ಟೆಗೆ ನಮ್ನಾ ಅಂತಾರಲ್ಲ, ಆ ಪದ ಹೋಗಿದ್ದೇ ನಮ್ಮ ದೇಶದ ನಮ್ದಾದಿಂದ, ನಮ್ದಾ ಅಂದ್ರೆ ಒತ್ತಿ ಮಾಡಿದ ಉಣ್ಣೆ ಹಾಸು. ನಾನು ಎರಡನೇ ಪ್ಯಾಡ್‌ಗೆ ಕೊಪ್ಪಳ ಸಂತೇಲಿ ಕುರುಬರ ಹತ್ರ ಕರಿ ಕಂಬಳಿ ತಂದು ಒಳಪದರ ಮಾಡಿದೆ. ಇಲ್ಲೂ ಒಂದು ಪಾಠ ಆಯ್ತು: ಕಂಬಳಿ ನೇಯೋವಾಗ ಹುಣಸೆಬೀಜದ ಗಂಜಿ ಹಾಕ್ತಾರೆ, ಹೊಸದು ರಟ್ಟಿನಂಗೆ ಬಿರುಸಾಗಿರ್ತೈತೆ, ಹಂಗೇ ಹಾಕಿದ್ರೆ ಚುಚ್ತೈತೆ. ಎರಡು ದಿನ ನೀರಲ್ಲಿ ನೆನೆಸಿ, ತುಳಿದು, ಮೂರು ಸಲ ಒಗೆದು ಒಣಗಿಸಿದ ಮೇಲೆ ಮೆತ್ತಗಾಯ್ತು. ಅದರ ಮೇಲೆ ತೆಳ್ಳಗಿನ ಮಲ್ಲು ಬಟ್ಟೆ ಹಾಕಿ ಹೊಲಿದೆ. ನಡು ಬೆನ್ನ ಮೇಲೆ ಕಂಬಳಿ ಇಲ್ಲ, ನಾಕು ಬೆರಳು ಅಗಲ ಖಾಲಿ ಬಿಟ್ಟು ಬರೀ ಬಲೆ ಬಟ್ಟೆ. ಮೇಲಿನ ಗೆರೆ ವಿದರ್ಸ್ ಹತ್ರ ಎತ್ತರಕ್ಕೆ ಏರಿ ಹಿಂದೆ ಇಳಿಯೋ ಹಂಗೆ ಕತ್ತರಿಸಿದೆ. ಆ ಕುದುರೆ ಎರಡು ವರ್ಷದಿಂದ ಅದನ್ನೇ ಹಾಕ್ತೈತೆ, ಬೆನ್ನು ಸಮನಾಗಿ ಬೆವರ್ತೈತೆ.

ಒಂದು ಮಾತು ನೆನಪಿಡ್ರಿ, ಜೀನೇ ಕುದುರೆಗೆ ಸರಿ ಇಲ್ಲ ಅಂದ್ರೆ ಯಾವ ಪ್ಯಾಡೂ ಅದನ್ನ ಸರಿ ಮಾಡಲ್ಲ, ಬಿಗಿ ಇರೋ ಜೀನಿನ ಕೆಳಗೆ ದಪ್ಪ ಪ್ಯಾಡ್ ತುರುಕಿದ್ರೆ ಇನ್ನೂ ಬಿಗಿ ಆಗ್ತೈತೆ. ಗಿರಾಕಿ ಬಂದು ದಪ್ಪ ಮಾಡಿಕೊಡ್ರಿ ಅಂತ ಕೇಳಿದ್ರೆ ಮೊದಲು ಯಾಕೆ ಅಂತ ಕೇಳ್ರಿ.

ರೈಡಿಂಗ್ ಸ್ಕೂಲ್‌ಗಳದು ಬೇರೆ ಗೋಳು. ಒಂದೇ ಪ್ಯಾಡ್ ಬೆಳಿಗ್ಗೆ ಈ ಕುದುರೆಗೆ, ಸಂಜೆ ಆ ಕುದುರೆಗೆ. ಒಂದಕ್ಕೆ ಗಜಕರ್ಣ ಬಂದ್ರೆ ಲಾಯಕ್ಕೆಲ್ಲ ಹಬ್ತೈತೆ, ಹತ್ತಿ ಕೂತ ಮಕ್ಕಳಿಗೂ ಬರ್ತೈತೆ. ಇಲ್ಲಿ ಬಣ್ಣಕ್ಕೆ ನಿಜವಾದ ಕೆಲಸ ಐತೆ ನೋಡ್ರಿ: ಒಂದೊಂದು ಕುದುರೆಗೆ ಒಂದೊಂದು ಬಣ್ಣ, ಮೂಲೆಲಿ ಕನ್ನಡದಲ್ಲಿ ಕುದುರೆ ಹೆಸರು ಕಸೂತಿ, ಪ್ರತಿ ಕುದುರೆಗೆ ಮೂರು ಪ್ಯಾಡ್ ಸೆಟ್. ಓದು ಬರದ ಕೆಲಸದವರಿಗೂ ಬಣ್ಣ ನೋಡಿದ್ರೆ ಯಾವುದು ಯಾರದು ಗೊತ್ತಾಗ್ತೈತೆ. ತೆಳ್ಳಗಿರಬೇಕು, ಬೇಗ ಒಣಗಬೇಕು, ವೆಲ್ಕ್ರೋ ಬೇಡವೇ ಬೇಡ, ಕೂದಲು ಹಿಡಿದು ಎರಡು ತಿಂಗಳಿಗೆ ಸತ್ತೋಗ್ತೈತೆ, ಲಾಡಿನೋ ಬಕಲ್ಲೋ ಹಾಕ್ರಿ.

ರೈಡರ್ ಬಟ್ಟೆಗೆ ಬರೋಣ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ರು, ಟೋಕಿಯೋ ಒಲಿಂಪಿಕ್ಸ್‌ಗೆ ಹೋದ್ರು, 2023ರಲ್ಲಿ ಹಾಂಗ್‌ಝೌದಲ್ಲಿ ನಮ್ಮ ಡ್ರೆಸ್ಸಾಜ್ (ಕುದುರೆನ ಸನ್ನೆಲಿ ಹೆಜ್ಜೆ ಹಾಕಿಸೋ ಸ್ಪರ್ಧೆ) ಟೀಮ್ 41 ವರ್ಷದ ಮೇಲೆ ಕುದುರೆ ಸವಾರಿಲಿ ಚಿನ್ನ ತಂತು, ಆ ಟೀಮ್‌ನಲ್ಲಿ ಇಬ್ರು ಹುಡುಗೀರು. ಕಲಿಬೇಕು ಅನ್ನೋ ಮಕ್ಕಳಿಗೆ ಬಟ್ಟೆ ಎಲ್ಲಿ? ಜೋಧ್‌ಪುರ್ ಪ್ಯಾಂಟ್ ಹುಟ್ಟಿದ್ದು ನಮ್ಮ ದೇಶದಲ್ಲಿ, ಈಗ ನಮ್ಮ ಹತ್ತು ವರ್ಷದ ಹುಡುಗಿಗೆ ಕೂಡೋ ಬ್ರೀಚಸ್ ಸಿಗಲ್ಲ: ಸೊಂಟಕ್ಕೆ ಸರಿ ಇದ್ರೆ ಕಾಲು ಒಂದು ಗೇಣು ಉದ್ದ. ದೊಡ್ಡ ಹೆಣ್ಮಕ್ಕಳಿಗೆ ಸೊಂಟ ಸಣ್ಣ ತೊಡೆ ಅಗಲ, ಹಿಂದೆ ಬಾಯಿ ಬಿಡ್ತೈತೆ. ಮೇಲಂಗಿ ಗಿಡ್ಡ ಇರ್ತೈತೆ ಅಂತ ಎಷ್ಟೋ ಮನೇಲಿ ಕಳಿಸೋಕೇ ಹಿಂಜರಿತಾರೆ, ಹಿಂದೆ ಸ್ವಲ್ಪ ಉದ್ದ, ಪಕ್ಕ ಸೀಳು, ತುಂಬು ತೋಳು, ತೆಳ್ಳಗಿನ ಬಟ್ಟೆ, ಇಷ್ಟು ಮಾಡಿದ್ರೆ ಬಿಸಿಲಿಗೂ ಆಯ್ತು, ಮನೆಯವರ ಮನಸ್ಸಿಗೂ ಆಯ್ತು.

ಬಳ್ಳಾರಿಲಿ ಹೊಲಿಸ್ಕೋಬೇಕು ಅಂತಿದ್ರೆ ಇದನ್ನ ಕಟಿಂಗ್ ಮಾಸ್ಟರ್‌ಗೆ ಮೊದಲೇ ಹೇಳ್ರಿ. ಜೀನ್ಸ್‌ನಲ್ಲಿ ಕಾಲಿನ ಒಳಹೊಲಿಗೆ ನಾವು ಫೀಡ್ ಆಫ್ ದ ಆರ್ಮ್ ಮಷಿನ್‌ನಲ್ಲಿ ಮಡಚಿ ಎರಡು ಸೂಜಿ ಹೊಡಿತೀವಿ, ಗಟ್ಟಿ ಅಂದ್ರೆ ಗಟ್ಟಿ. ಕುದುರೆ ಹತ್ತಿದಾಗ ಆ ದಿಂಡು ಮಂಡಿಗೂ ಜೀನಿಗೂ ನಡುವೆ ಸಿಕ್ಕಿ ಅರ್ಧ ಗಂಟೇಲಿ ಚರ್ಮ ಸುಲಿದು ಹಾಕ್ತೈತೆ. ಒಳಗಡೆ ಹೊಲಿಗೆಯೇ ಬರದಂಗೆ ಪ್ಯಾಟರ್ನ್ ತಿರುಗಿಸಬೇಕು, ಇಲ್ಲಾಂದ್ರೆ ದಿಂಡು ಬರದಂಗೆ ಚಪ್ಪಟೆ ಕೂರೋ ಫ್ಲಾಟ್‌ಲಾಕ್ ಹೊಲಿಗೆ ಹಾಕಬೇಕು. ಹೆಲ್ಮೆಟ್, ಎದೆ ರಕ್ಷಣೆ ಜಾಕೆಟ್ ಮಾತ್ರ ಮುಟ್ಟಬೇಡ್ರಿ, ಅವು ಟೆಸ್ಟ್ ಆಗಿ ಸರ್ಟಿಫಿಕೇಟ್ ಬರಬೇಕಾದ ಸಾಮಾನು, ಮಗು ಬಿದ್ರೆ ಜೀವದ ಪ್ರಶ್ನೆ.

ಈಗ ಬಣ್ಣ. ಪ್ಯಾಡ್ ಹತ್ತಿ, ಟೀಶರ್ಟ್ ಪಾಲಿಯೆಸ್ಟರ್, ಬ್ರೀಚಸ್ ನೈಲಾನ್. ಹತ್ತಿಗೆ ರಿಯಾಕ್ಟಿವ್ ಡೈ, ಪಾಲಿಯೆಸ್ಟರ್‌ಗೆ ಡಿಸ್ಪರ್ಸ್, ನೈಲಾನ್‌ಗೆ ಆಸಿಡ್ ಡೈ. ಮೂರೂ ಟ್ಯೂಬ್‌ಲೈಟ್ ಕೆಳಗೆ ಒಂದೇ ಕಾಣ್ತವೆ, ಹೊರಗೆ ಬಿಸಿಲಿಗೆ ತಂದ್ರೆ ಒಂದು ಕೆಂಪಗೆ ಹೊಡಿತೈತೆ, ಇನ್ನೊಂದು ನೀಲಿಗೆ. ಅಷ್ಟೇ ಅಲ್ಲದೆ ಪ್ಯಾಡ್ ಬೆವರು, ಉಪ್ಪು, ಬಿಸಿಲು ತಿಂದು ಮೊದಲು ಮಾಸ್ತೈತೆ. ಅದಕ್ಕೆ ನಾನು ಮಾಡೋದು, ಮೈ ಬಣ್ಣ ಕೂಡಿಸೋ ಗೋಜಿಗೇ ಹೋಗಲ್ಲ. ಒಂದೇ ಥಾನ್ ತಂದು ಅದರಿಂದಲೇ ಪ್ಯಾಡ್‌ನ ಅಂಚುಪಟ್ಟಿ, ಅಂಗಿ ಕಾಲರ್, ಬ್ರೀಚಸ್ ಜೇಬಿನ ಪೈಪಿಂಗ್ ಮೂರೂ ಕತ್ತರಿಸ್ತೀನಿ. ಇಳಕಲ್ ಸೀರೆ ಅಂಚಿನಂಗೆ ದಟ್ಟ ಕೆಂಪು ಅಂಚು, ಮೈ ಬೂದಿ ಬಣ್ಣ. ಸ್ಪರ್ಧೆಗೆ ಅಂದ್ರೆ ಹೆಚ್ಚಾಗಿ ಬಿಳಿನೇ ಕೇಳ್ತಾರೆ, ಅಲ್ಲಿ ಅಂಚಷ್ಟೇ ಬಣ್ಣ.

ಕೊನೆಗೆ ಯಾರೂ ಲೆಕ್ಕಕ್ಕೆ ಇಡದ ಗಿರಾಕಿ: ಮದುವೆ ಕುದುರೆಯೋರು. ಮದುಮಗನ ಶೇರ್ವಾನಿಗೆ ಹೊಂದೋ ಜೂಲು ಹಾಕೋದು ನಮ್ಮ ಕಡೆ ಮೊದಲಿಂದ ಇರೋ ಮ್ಯಾಚಿಂಗೇ. ಆದ್ರೆ ಮೇಲೆ ಜರಿ ಮಖಮಲ್ಲು, ಕೆಳಗೆ ನೋಡಿದ್ರೆ ಹರಿದ ಗೋಣಿಚೀಲ, ಹಳೇ ಬೆಡ್‌ಶೀಟು. ಬ್ಯಾಂಡಿನ ಸದ್ದಲ್ಲಿ ಎರಡು ತಾಸು ನಿಲ್ಲೋ ಕುದುರೆ ಬೆನ್ನ ಮೇಲೆ ಹುಣ್ಣು ಇರ್ತೈತೆ, ಯಾರಿಗೂ ಕಾಣಲ್ಲ. ಕಂಬಳಿ ಒಳಪದರ ಇರೋ ಗಟ್ಟಿ ಪ್ಯಾಡು, ಅದರ ಮೇಲೆ ಗುಂಡಿ ಹಾಕಿ ಬದಲಾಯಿಸೋ ನಾಕು ಬಣ್ಣದ ಜೂಲು, ಇದನ್ನ ನಾನು ಈ ಲಗ್ನದ ಸೀಸನ್‌ಗೆ ಇಬ್ರಿಗೆ ಹೊಲಿದು ಕೊಟ್ಟೀನಿ, ದುಡ್ಡು ಕಂತಲ್ಲಿ ತಗೊಂಡೆ.

ಶುರು ಮಾಡೋಕೆ ಮುಂಚೆ ಅಳತೆ ತೆಗೆಯೋದು ಕಲೀರಿ. ಕರೆಂಟಿನ ದಪ್ಪ ಸರ್ವಿಸ್ ವೈರ್ ಒಂದು ಗಜ ಉದ್ದ ತಗೊಂಡು ವಿದರ್ಸ್ ಮೇಲೆ ಅಡ್ಡ ಇಟ್ಟು ಎರಡು ಕಡೆ ಮೈಗೆ ಒತ್ತಿ ಬಗ್ಗಿಸ್ರಿ, ಆಕಾರ ಕೆಡದಂಗೆ ಎತ್ತಿ ರಟ್ಟಿನ ಮೇಲೆ ಇಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೀರಿ. ಅಂಗೈ ಅಗಲ ಹಿಂದೆ ಇನ್ನೊಂದು, ಜೀನು ಮುಗಿಯೋ ಕಡೆ ಇನ್ನೊಂದು. ಕುದುರೆ ಸಮ ನೆಲದಲ್ಲಿ ನಿಂತಿರ್ಲಿ, ತಲೆ ತಗ್ಗಿಸಿ ಮೇಯ್ತಿರೋವಾಗ ತೆಗೀಬೇಡ್ರಿ, ಬೆನ್ನಿನ ಆಕಾರವೇ ಬೇರೆ ಬರ್ತೈತೆ. ಹಿಂಗೆ ಒಂದು ಹತ್ತು ಕುದುರೆದು ತೆಗೆದು ರಟ್ಟು ಒಂದರ ಮೇಲೊಂದು ಇಟ್ಟು ನೋಡ್ರಿ, ಎಷ್ಟು ಸೈಜ್ ಬೇಕು ಅಂತ ನಿಮಗೇ ಗೊತ್ತಾಗ್ತೈತೆ. ನನ್ನ ಹತ್ರ ಏಳು ಕುದುರೆ ರಟ್ಟು ಅದಾವೆ, ನೀವು ತೆಗೆದ ಮೇಲೆ ಕೆಳಗೆ ಬರೀರಿ, ಎರಡೂ ಕೂಡಿಸಿ ಪ್ಯಾಟರ್ನ್ ಹಾಕೋಣ.