ಬಾಗಿಲಿಗೆ ನೇತುಹಾಕಿದ ಬೋರ್ಡು

ನಮಸ್ಕಾರ ಪಾಸ್ಟರ್,

ನಿಮ್ಮ ಪತ್ರ ಎರಡು ಸಲ ಓದಿದೆ. ಭಾಲ್ಕಿ ಕಡೆಯ ಹಳ್ಳಿಯವರು ನೀವು. ಜರ್ಮನಿಯ ರಾಯ್ಟ್‌ಲಿಂಗನ್ ಹತ್ತಿರದ ಸಣ್ಣ ಊರಿನ ಮೆಥೋಡಿಸ್ಟ್ ಸಭೆಗೆ ಮೂರು ವರ್ಷದ ಮಟ್ಟಿಗೆ ಬಂದಿದ್ದೀರಿ. ಬಂದು ಎರಡು ತಿಂಗಳಾಯಿತು. ಭಾನುವಾರ 25 ಜನ ಬಂದರೆ ಹೆಚ್ಚು, ಎಲ್ಲರ ತಲೆಯೂ ಬೆಳ್ಳಗೆ. ಯಾರೂ ಮನೆಗೆ ಕರೆಯುವುದಿಲ್ಲ. ಜರ್ಮನ್ ಕ್ಲಾಸಿನಲ್ಲಿ ಕಲಿತದ್ದು ಒಂದು, ಇಲ್ಲಿ ಕಿವಿಗೆ ಬೀಳುವುದು ಇನ್ನೊಂದು. ಅದರ ಮೇಲೆ ಯಾರೋ ನಿಮ್ಮ ಬಾಗಿಲಿಗೆ ಒಂದು ಬೋರ್ಡ್ ನೇತುಹಾಕಿ ಹೋದರು, ಏನಂತ ತಿಳಿಯದೆ ತೆಗೆದು ಒಳಗಿಟ್ಟಿದ್ದೀರಿ. 'ಅಕ್ಕಾ, ನೀವು 16 ವರ್ಷದಿಂದ ಇಲ್ಲಿದ್ದೀರಿ. ಇಲ್ಲಿಯ ಬದುಕು ಹೇಗೆ? ನಾನು ಬಂದು ಮಾಡುವುದಾದರೂ ಏನು?' ಅಂತ ಕೇಳಿದ್ದೀರಿ.

ಮೊದಲು ಆ ಬೋರ್ಡನ್ನು ಮತ್ತೆ ಬಾಗಿಲಿಗೆ ಹಾಕಿ. ಇವತ್ತೇ.

ಅದರ ಹೆಸರು ಕೇರ್‌ವೊಖೆ. ಗುಡಿಸುವ ವಾರ ಅಂತ ಅರ್ಥ. ಇದು ನಾವಿರುವ ಈ ಶ್ವಾಬಿಯಾ ಸೀಮೆಯ ಪದ್ಧತಿ. ಬೋರ್ಡ್ ಯಾರ ಬಾಗಿಲಲ್ಲಿ ಇದೆಯೋ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಪಾಳಿ ಅವರದು. ಇದು ಸಣ್ಣ ಪಾಳಿ. ದೊಡ್ಡ ಪಾಳಿ ಬಂದರೆ ನೆಲಮಾಳಿಗೆ, ಮನೆ ಮುಂದಿನ ಕಾಲುದಾರಿ ಎಲ್ಲ ಸೇರುತ್ತದೆ. ಹಿಮ ಬಿದ್ದರೆ ಬೆಳಗ್ಗೆ ಎದ್ದು ಅದನ್ನೂ ಬಳಿಯಬೇಕು. ಶನಿವಾರದೊಳಗೆ ಮುಗಿಸಿ ಬೋರ್ಡನ್ನು ಪಕ್ಕದ ಬಾಗಿಲಿಗೆ ದಾಟಿಸಬೇಕು. ಭಾನುವಾರ ಮಾತ್ರ ಬೇಡ. ಅವತ್ತು ವ್ಯಾಕ್ಯೂಮ್ ಕ್ಲೀನರ್ ಸದ್ದು ಕೇಳಿದರೂ ಮೇಲಿನ ಮನೆಯವರು ಬಂದು ಬಾಗಿಲು ಬಡಿಯುತ್ತಾರೆ. ನೀವು ಪಾಸ್ಟರ್ ಅಂತ ಬಿಡುವುದಿಲ್ಲ. ಪಾಸ್ಟರ್ ಆಗಿದ್ದಕ್ಕೇ ಎರಡು ಮಾತು ಜಾಸ್ತಿ ಅನ್ನಬಹುದು.

ನನ್ನ ಬಾಗಿಲಿಗೆ ಈ ಬೋರ್ಡ್ ಮೊದಲ ಸಲ ಬಂದಾಗ ನನಗೆ ಭಾಳ ಸಿಟ್ಟು ಬಂದಿತ್ತು. ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಜ್ಜಿ ಬೀದರಿನಲ್ಲಿ ಮಂದಿಯ ಅಂಗಳ ಗುಡಿಸಿ ನಮ್ಮಪ್ಪನನ್ನು ಓದಿಸಿದವಳು. ಆ ಅಂಗಳ ದಾಟಿ ಒಳಗೆ ಕಾಲಿಡುವ ಹಾಗಿರಲಿಲ್ಲ. ಅಪ್ಪ ಮಿಷನ್ ಶಾಲೆಗೆ ಹೋದ, ನಾನು ನರ್ಸಿಂಗ್ ಕಲಿತೆ, ಏಳು ಸಾವಿರ ಕಿಲೋಮೀಟರ್ ದಾಟಿ ಬಂದೆ. ಬಂದ ಮೇಲೂ ಕಸಬರಿಗೆಯೇ? ಬಣ್ಣ ನೋಡಿ ಕೆಲಸ ಕೊಟ್ಟರಾ? ಹಲ್ಲು ಕಚ್ಚಿಕೊಂಡು ಒರೆಸಿದೆ. ಅವತ್ತು ರಾತ್ರಿ ಅವ್ವನಿಗೆ ಫೋನ್ ಮಾಡಿ ಅತ್ತಿದ್ದೂ ಉಂಟು.

ಮುಂದಿನ ವಾರ ಅದೇ ಬೋರ್ಡ್ ಎದುರು ಮನೆಯ ಬಾಗಿಲಲ್ಲಿತ್ತು. ಆ ಮನೆಯಲ್ಲಿ ಇದ್ದವರು ಒಬ್ಬ ನಿವೃತ್ತ ಜಡ್ಜ್. ಶುಕ್ರವಾರ ನಾನು ಡ್ಯೂಟಿ ಮುಗಿಸಿ ಬಂದರೆ ಆ ಮನುಷ್ಯ ಮೆಟ್ಟಿಲ ಮೇಲೆ ಮಂಡಿಯೂರಿ ಕೂತು ಮೂಲೆ ಮೂಲೆ ಒರೆಸುತ್ತಿದ್ದಾರೆ. ನಾನು ಬೂಟು ಕೈಯಲ್ಲಿ ಹಿಡಿದು ಮೇಲೆ ಹತ್ತಿದೆ. ಅದನ್ನು ನೋಡಿ ಅವರು ನಕ್ಕರು. ಹೋದ ವಾರ ನಾನು ಮೂಲೆಗಳನ್ನು ಬಿಟ್ಟಿದ್ದೆನಂತೆ, ಬಟ್ಟೆ ಮಡಚಿ ಹೇಗೆ ಒತ್ತಬೇಕು ಅಂತ ತೋರಿಸಿಕೊಟ್ಟರು. ಈ ದೇಶದಲ್ಲಿ ನನ್ನ ಮೊದಲ ಗೆಳೆತನ ಆಗಿದ್ದು ಹೀಗೆ.

ಭಾಲ್ಕಿಯಲ್ಲಿ ನಿಮ್ಮ ಕೈಗೆ ಕಸಬರಿಗೆ ಕೊಡುವವರು ಯಾರೂ ಇಲ್ಲ ಅಂತ ಬಲ್ಲೆ. ನೀವು ಎತ್ತಿಕೊಂಡರೆ ನಾಲ್ಕು ಜನ ಓಡಿ ಬಂದು ಕಸಿದುಕೊಳ್ಳುತ್ತಾರೆ. ಇಲ್ಲಿ ಕಸಿದುಕೊಳ್ಳುವುದಿಲ್ಲ. ಮೆಟ್ಟಿಲಲ್ಲಿ ನಿಂತು ನೋಡುತ್ತಾರೆ, ಆಮೇಲೆ ಮಾತಾಡಿಸುತ್ತಾರೆ. ನಿಮ್ಮ ಮೊದಲ ಒಂದು ವರ್ಷದ ಪ್ರಸಂಗಗಳಿಗಿಂತ ಈ ಮೆಟ್ಟಿಲೇ ಹೆಚ್ಚು ಕೆಲಸ ಮಾಡುತ್ತದೆ ಅಂತ ನನ್ನ ಲೆಕ್ಕ.

ಭಾಷೆಯ ಮಾತಿಗೆ ಬರುತ್ತೇನೆ. ನೀವು ಕಲಿತದ್ದು ಸುಳ್ಳಲ್ಲ. ಆದರೆ ಅದು ಪುಸ್ತಕದ ಜರ್ಮನ್. ಬೆಂಗಳೂರಿನ ಟಿವಿ ಕನ್ನಡ ಕಲಿತು ಔರಾದಿನ ಸಂತೆಗೆ ಹೋದರೆ ಹೇಗಿರುತ್ತದೆ, ಹಾಗೆ. ಇಲ್ಲಿಯವರು ಆಡುವುದು ಶ್ವೇಬಿಶ್, ಈ ಸೀಮೆಯ ಆಡುಮಾತು. 'ನಮಗೆ ಎಲ್ಲ ಬರುತ್ತದೆ, ಶುದ್ಧ ಜರ್ಮನ್ ಒಂದು ಬಿಟ್ಟು' ಅಂತ ಈ ರಾಜ್ಯದವರೇ ಜಾಹೀರಾತು ಹಾಕಿಕೊಂಡಿದ್ದರು. ನಮ್ಮ 'ಬರ್ಲಕ್ ಹೋಗ್ಲಕ್' ಕೇಳಿ ಬೆಂಗಳೂರಲ್ಲಿ ನಕ್ಕವರ ಮುಖಕ್ಕೆ ನಾವೂ ಹೀಗೇ ಹೇಳಬೇಕಿತ್ತು ಅಲ್ವಾ?

ನಾನು ಕೆಲಸ ಮಾಡುವುದು ವೃದ್ಧಾಶ್ರಮದಲ್ಲಿ. ಸೇರಿದ ಹೊಸದರಲ್ಲಿ ಒಬ್ಬ ಅಜ್ಜ 'ನನ್ನ ಫೂಸ್ ನೋಯುತ್ತಿದೆ' ಅಂದರು. ಫೂಸ್ ಅಂದರೆ ಪಾದ, ಬೈನ್ ಅಂದರೆ ಕಾಲು ಅಂತ ಕ್ಲಾಸಿನಲ್ಲಿ ಉರು ಹೊಡೆಸಿದ್ದರು. ನಾನು ಬೂಟು ಬಿಚ್ಚಿ, ಸಾಕ್ಸ್ ತೆಗೆದು, ಬೆರಳು ಬೆರಳು ಒತ್ತಿ ನೋಡಿದೆ. ಅಜ್ಜನಿಗೆ ನೋವಿದ್ದದ್ದು ಸೊಂಟದ ಕೀಲಿನ ಹತ್ತಿರ. ಶ್ವೇಬಿಶ್‌ನಲ್ಲಿ ಫೂಸ್ ಅಂದರೆ ತೊಡೆಯಿಂದ ಕೆಳಗೆ ಪೂರ್ತಿ. ಅಂದರೆ ನಮ್ಮ 'ಕಾಲು' ಇದ್ದಂತೆ! ನಾನು ಕನ್ನಡದಲ್ಲೇ ಯೋಚಿಸಿದ್ದರೆ ಸರಿಯಾಗುತ್ತಿತ್ತು. ಇನ್ನೊಬ್ಬ ಅಜ್ಜಿ 'ಹೇಬ್' ಅಂದರು, ಎತ್ತು ಅಂತ ತಿಳಿದು ಕಂಕುಳಿಗೆ ಕೈ ಹಾಕಿ ಎತ್ತೇಬಿಟ್ಟೆ. ಪಾಪ, ಅವರು ಕೇಳಿದ್ದು ಸುಮ್ನೆ ಕೈ ಹಿಡಿದುಕೋ ಅಂತ. ಇವರ ಭಾಷೆಯಲ್ಲಿ ಅದು ಹಿಡಿ.

ಇದನ್ನು ಯಾಕೆ ಹೇಳಿದೆ ಅಂದರೆ, ನಿಮ್ಮ ಸಭೆಯ ಆ 25 ಜನರೇ ನಿಮ್ಮ ಮೇಷ್ಟ್ರುಗಳು. ಆರಾಧನೆ ಮುಗಿದ ಮೇಲೆ ಕಾಫಿ, ಕೇಕ್ ಇಡುತ್ತಾರಲ್ಲ, ಆಗ ಮುಂದಿನ ವಾರದ ಪ್ರಸಂಗದ ಚಿಂತೆ ಬಿಟ್ಟು ಒಬ್ಬ ಅಜ್ಜಿಯ ಪಕ್ಕ ಕೂರಿ. 'ಇದಕ್ಕೆ ನಿಮ್ಮಲ್ಲಿ ಏನಂತೀರಿ?' ಅಂತ ಕೇಳಿ. ಸಕ್ಕರೆಗೆ, ಚಮಚಕ್ಕೆ, ಮಳೆಗೆ, ಏನಕ್ಕಾದರೂ ಸರಿ. ನಮ್ಮ ಮಂದಿಗೆ ಕೊಡುವುದು ಗೊತ್ತು, ಕೇಳುವುದಕ್ಕೆ ಸಂಕೋಚ. ಪಾಸ್ಟರ್‌ಗಳಿಗಂತೂ ಇನ್ನೂ ಜಾಸ್ತಿ. ತಪ್ಪು ತಿಳಿಯಬೇಡಿ.

ಕಿಟೆಲ್ ಮಾಡಿದ್ದೂ ಇದೇ ಅಲ್ವಾ? ಜರ್ಮನಿಯಲ್ಲಿ ಹುಟ್ಟಿ 1853ರಲ್ಲಿ ನಮ್ಮ ನಾಡಿಗೆ ಮಿಷನರಿಯಾಗಿ ಹೋದವರು. ಹೋಗಿದ್ದು ಉಪದೇಶಕ್ಕೆ. ಕನ್ನಡಿಗರು ಇವತ್ತಿಗೂ ನೆನೆಯುವುದು 1894ರ ನಿಘಂಟಿಗೆ. ಅಷ್ಟು ಪದ ಕೂಡಿಸಲು ಎಷ್ಟು ಜನರನ್ನು 'ಇದಕ್ಕೆ ಏನಂತೀರಿ' ಅಂತ ಕೇಳಿರಬೇಕು! ಅವರು ತೀರಿಕೊಂಡದ್ದು 1903ರಲ್ಲಿ, ನಾನಿರುವ ಈ ಟ್ಯೂಬಿಂಗನ್ ಊರಿನಲ್ಲೇ. ನಿಮ್ಮಲ್ಲಿಂದ ಇಲ್ಲಿಗೆ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ.

ಮನೆಗೆ ಕರೆಯುವುದಿಲ್ಲ ಅನ್ನುವ ದೂರು ಖರೆ. ಇಲ್ಲಿ 'ಹೀಗೇ ಹೋಗುತ್ತಿದ್ದೆ, ನೋಡಿಕೊಂಡು ಹೋಗೋಣ ಅಂತ ಬಂದೆ' ನಡೆಯುವುದಿಲ್ಲ. ಫೋನ್ ಮಾಡಿ ದಿನ, ಗಂಟೆ ಗೊತ್ತು ಮಾಡಬೇಕು. ಮೂರು ಗಂಟೆ ಅಂದರೆ ಮೂರು. ಎರಡೂ ಐವತ್ತಕ್ಕೆ ಹೋದರೆ ಬೀದಿಯಲ್ಲಿ ಹತ್ತು ನಿಮಿಷ ನಿಲ್ಲಿ. ಆದರೆ ನೀವು ಪಾಸ್ಟರ್, ನಿಮಗೆ ಒಂದು ಅನುಕೂಲವಿದೆ: ಹುಟ್ಟುಹಬ್ಬ. 75, 80 ತುಂಬಿದವರ ಮನೆಗೆ ಪಾಸ್ಟರ್ ಬರುತ್ತಾರೆ ಅಂತ ದಾರಿ ಕಾಯುತ್ತಾರೆ. ಸಭೆಯ ಪಟ್ಟಿ ನೋಡಿ ಫೋನ್ ಮಾಡಿ. ಇನ್ನೊಂದು, ಹಿರಿಯರು ತಾವಾಗಿ 'ಡು' ಅನ್ನಿ ಅನ್ನುವ ತನಕ 'ಝೀ' ಅಂತಲೇ ಮಾತಾಡಿಸಿ. ನೀನು, ನೀವು ಇದ್ದಂತೆಯೇ. ನಾನೂ ನೋಡಿ, ನೀವು ನನ್ನ ತಮ್ಮನಿಗಿಂತ ಚಿಕ್ಕವರು, ಆದರೂ ನೀನು ಅಂತ ಬರೆದರೆ ನಮ್ಮವ್ವ ಬಿಡುವುದಿಲ್ಲ.

ಈ ಟೈಮ್ ಕೇಳುವ ಚಾಳಿ ಎಷ್ಟು ಅಂಟುತ್ತದೆ ಅಂದರೆ, ಹೋದ ಡಿಸೆಂಬರ್‌ನಲ್ಲಿ ಬೀದರಿಗೆ ಹೋದಾಗ ಮಂಗಲಪೇಟೆಯಲ್ಲಿರುವ ಅತ್ತೆಗೆ 'ಯಾವಾಗ ಬರಲಿ?' ಅಂತ ಫೋನ್ ಮಾಡಿಬಿಟ್ಟೆ. 'ನಮ್ಮ ಮನಿಗಿ ಬರ್ಲಕ್ ಟೈಮ್ ಕೇಳ್ತಿ ಏನ್? ಅಷ್ಟ್ ದೊಡ್ಡಾಕಿ ಆದೆ?' ಅಂತ ಇಟ್ಟೇಬಿಟ್ಟರು. ಎರಡು ಕೆಜಿ ಬಾಲುಶಾ ಹಿಡಿದುಕೊಂಡು ಹೋಗಿ ಸಮಾಧಾನ ಮಾಡಬೇಕಾಯಿತು.

ಬಿಳಿ ತಲೆಗಳ ಬಗ್ಗೆ. ಇದು ನಿಮ್ಮ ತಪ್ಪಲ್ಲ, ಅವರದೂ ಅಲ್ಲ. ಇಲ್ಲಿಯ ಎರಡು ದೊಡ್ಡ ಚರ್ಚುಗಳ, ಅಂದರೆ ಕ್ಯಾಥೊಲಿಕ್ ಇಲ್ಲವೇ ಪ್ರಾಟೆಸ್ಟೆಂಟ್ ಚರ್ಚಿನ, ಸದಸ್ಯರಾದರೆ ಸಂಬಳದಲ್ಲೇ ಚರ್ಚ್ ತೆರಿಗೆ ಮುರಿಯುತ್ತಾರೆ. ನಮ್ಮ ಈ ರಾಜ್ಯದಲ್ಲಿ ಆದಾಯ ತೆರಿಗೆಯ 8 ಪರ್ಸೆಂಟ್. ಬೇಡ ಅಂದವರು ಸರ್ಕಾರಿ ಕಚೇರಿಗೆ ಹೋಗಿ ಹೆಸರು ತೆಗೆಸುತ್ತಾರೆ. 2022ರ ಹೊತ್ತಿಗೆ ಆ ಎರಡೂ ಚರ್ಚುಗಳ ಸದಸ್ಯರು ಸೇರಿಸಿದರೂ ದೇಶದ ಅರ್ಧ ಜನ ಆಗುತ್ತಿರಲಿಲ್ಲ. ಮೆಥೋಡಿಸ್ಟರಿಗೆ ಈ ತೆರಿಗೆ ಇಲ್ಲ, ಕಾಣಿಕೆಯಲ್ಲೇ ನಡೆಯಬೇಕು. ಅಂದರೆ ನಿಮ್ಮ 25 ಜನ ಮನಸ್ಸಿಟ್ಟು ಉಳಿದವರು. ಅವರನ್ನು ಬೀದರಿನ ಮಂಗಲಪೇಟೆ ಚರ್ಚಿನ ಕ್ರಿಸ್ಮಸ್ ಗದ್ದಲದ ಜೊತೆ ಹೋಲಿಸಬೇಡಿ. ಅಂದಹಾಗೆ, ಈ ಸೀಮೆಗೆ ಮೆಥೋಡಿಸ್ಟ್ ಮತ ತಂದವರು ವಿನ್ನೆಂಡನ್ ಊರಿನ ಕ್ರಿಸ್ಟೋಫ್ ಗೊಟ್‌ಲೋಬ್ ಮುಲ್ಲರ್, ಒಬ್ಬ ಕಸಾಯಿ. ಲಂಡನ್ನಿಗೆ ವಲಸೆ ಹೋಗಿದ್ದವರು, ಅಲ್ಲಿ ಮೆಥೋಡಿಸ್ಟ್ ಆಗಿ 1830ರ ದಶಕದಲ್ಲಿ ವಾಪಸ್ ಬಂದರು. ಹೊರಗೆ ಹೋಗಿ ಬಂದವರಿಂದ ಶುರುವಾದ ಸಭೆ ನಿಮ್ಮದು. ಅಜ್ಜಿಯರಿಗೆ ಇದು ಗೊತ್ತಿದೆ, ಕೇಳಿ ನೋಡಿ.

ಉಳಿದದ್ದು ಸಣ್ಣ ಪುಟ್ಟ ವಿಷಯ. ತಿಂಗಳಿಗೆ 18.36 ಯೂರೋ ಕಟ್ಟಿ ಅಂತ ರೇಡಿಯೋ-ಟಿವಿ ಶುಲ್ಕದ ಕಾಗದ ಬರುತ್ತದೆ. ನಿಮ್ಮ ಮನೆಯಲ್ಲಿ ಟಿವಿ ಇಲ್ಲದಿದ್ದರೂ ಬರುತ್ತದೆ, ಮೋಸ ಅಂತ ಹರಿದು ಹಾಕಬೇಡಿ. ನಾನು ಹರಿದಿದ್ದೆ, ಆಮೇಲೆ ಬಾಕಿ ಸೇರಿಸಿ ಕಟ್ಟಿದೆ. ಒಗ್ಗರಣೆಗೆ ಮೊದಲು ಕಿಟಕಿ ತೆಗೆಯಿರಿ, ಹೊಗೆ ಅಲಾರಂ ಕೂಗುತ್ತದೆ. ಬ್ಯಾಳಿ ನೆನಪಾದರೆ ಇವರ ಲಿನ್ಸನ್ ಮಿಟ್ ಶ್ಪೆಟ್ಸ್‌ಲೆ ತಿನ್ನಿ, ಚನ್ನಂಗಿ ಬ್ಯಾಳಿಯೇ ಅದು, ಖಾರ ಒಂದು ಇಲ್ಲ. ಮೌಲ್‌ಟಾಶನ್ ಅಂತ ಒಂದಿದೆ, ಮಾಂಸ ತುಂಬಿದ ಹಿಟ್ಟಿನ ಪೊಟ್ಟಣ. ಉಪವಾಸದಲ್ಲಿ ದೇವರ ಕಣ್ಣಿಗೆ ಮಾಂಸ ಬೀಳದಿರಲಿ ಅಂತ ಸನ್ಯಾಸಿಗಳು ಹಿಟ್ಟಿನಲ್ಲಿ ಮುಚ್ಚಿದರು ಅಂತ ಕಥೆ. ಸಭೆಯಲ್ಲಿ ಇದನ್ನು ಹೇಳಿದರೆ ನಗುತ್ತಾರೆ, ಪ್ರಸಂಗಕ್ಕೆ ಇಟ್ಟುಕೊಳ್ಳಿ.

ಚಳಿಗಾಲ ಕಷ್ಟ, ಅದರಲ್ಲಿ ಸುಳ್ಳು ಹೇಳುವುದಿಲ್ಲ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲು. ಆಗ ರೂಮಿನಲ್ಲಿ ಒಬ್ಬರೇ ಕೂತು ಮನೆಗೆ ಫೋನ್ ಮಾಡುತ್ತಾ ಇರಬೇಡಿ. ನಿಮ್ಮ ದುಃಖ ಭಾಲ್ಕಿ ತನಕ ಹೋಗಿ ಎರಡರಷ್ಟಾಗಿ ವಾಪಸ್ ಬರುತ್ತದೆ. ನಮ್ಮಲ್ಲಿಗೆ ಬನ್ನಿ. ಜೋಳದ ಹಿಟ್ಟು ಸ್ಟುಟ್‌ಗಾರ್ಟಿನ ಅಂಗಡಿಯಿಂದ ತಂದಿಟ್ಟಿದ್ದೇನೆ, ರೊಟ್ಟಿ ಬಡಿಯುವುದು ಇನ್ನೂ ಮರೆತಿಲ್ಲ. ಊರಿಂದ ಶೇಂಗಾ ಹಿಂಡಿ ತಂದಿದ್ದರೆ ಒಂದಿಷ್ಟು ಹಿಡಿದುಕೊಂಡು ಬನ್ನಿ. ಫೋನ್ ಗೀನ್ ಏನೂ ಬೇಡ, ಬೀದರಿನ ಹಾಗೆ ಬಾಗಿಲು ಬಡಿಯಿರಿ. ಈ ಶನಿವಾರ ಮಾತ್ರ ಬೇಡ. ಬೋರ್ಡ್ ನನ್ನ ಬಾಗಿಲಲ್ಲಿದೆ.