ಅವರ ಮನೆಯ ಹಿರಿಯರಿಗೆ ನಾನು ಅಡ್ಡಬೀಳಬೇಕಾ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯವಳು, 27 ವರ್ಷ. ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಲ್ಯಾಬ್‌ನ ಗೆಳತಿ ಚುಸೊಕ್ ಹಬ್ಬಕ್ಕೆ ಆಂದೊಂಗ್ ಹತ್ತಿರದ ತನ್ನ ಅಜ್ಜಿ ಮನೆಗೆ ಕರೆದಿದ್ದಾಳೆ. ಅಲ್ಲಿ ತೀರಿಹೋದ ಹಿರಿಯರಿಗೆ ಪೂಜೆ ಮಾಡಿ ಮನೆಮಂದಿಯೆಲ್ಲ ಅಡ್ಡಬೀಳುತ್ತಾರಂತೆ. ಅಮ್ಮನಿಗೆ ಹೇಳಿದರೆ, "ಬೇರೆಯವರ ಮನೆ ತಿಥಿ ಊಟಕ್ಕೆ ಯಾಕೆ ಹೋಗ್ತೀಯ? ಕಂಡೋರ ಪಿತೃಗಳಿಗೆ ನೀನ್ಯಾಕೆ ಬೀಳ್ಬೇಕು?" ಅಂದರು. ನಾನು ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಏನೂ ತೋಚದೆ "ಪ್ರಯೋಗ ನಡೀತಿದೆ, ಬರಕ್ಕಾಗಲ್ಲ" ಅಂತ ಗೆಳತಿಗೆ ಸುಳ್ಳು ಹೇಳಿಬಿಟ್ಟೆ. ಅವಳು ಹೋಗಿ, ಪ್ರಯೋಗ ನೋಡಿಕೊಳ್ಳಲು ಸೀನಿಯರ್ ಒಬ್ಬರನ್ನು ಒಪ್ಪಿಸಿ ಬಂದಿದ್ದಾಳೆ! ಅವಳ ಅಜ್ಜಿ ಬೇರೆ, "ಆ ಹುಡುಗಿ ಕೆಸುವಿನ ಗೆಡ್ಡೆ ತಿಂತಾಳಾ?" ಅಂತ ವಿಚಾರಿಸಿದರಂತೆ. ಹೋಗಲು ಭಯ, ಬಿಡಲು ನಾಚಿಕೆ. ಏನು ಮಾಡಲಿ?
ಹೆಸರು ಬೇಡ

ಇಲ್ಲದ ಪ್ರಯೋಗಕ್ಕೆ ಕಾವಲು ಹುಡುಕಿಕೊಟ್ಟ ಗೆಳತಿ ಸಿಕ್ಕಿದ್ದಾಳೆ ನಿಮಗೆ. ಹೋಗಿ ಬನ್ನಿ. ಆದರೆ ಹೋಗುವ ಮೊದಲು ಮಾತಾಡಬೇಕಾದ್ದು ಸ್ವಲ್ಪ ಇದೆ. ಮೊದಲು ಅಮ್ಮನ ಹತ್ತಿರ.

ಅಮ್ಮನ ಮಾತನ್ನು ಹಳೇ ಕಾಲದ್ದು ಅಂತ ತಳ್ಳಿಹಾಕಬೇಡಿ. ಬೇರೆಯವರ ಮನೆ ಶ್ರಾದ್ಧದ ಊಟ ಮಾಡಬಾರದು ಅನ್ನುವುದು ನಮ್ಮ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಇರುವ ನಿಯಮ. ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಅದಕ್ಕೆ ಉತ್ತರವೂ ಇದೆ. ಕೊರಿಯನ್ನರಲ್ಲಿ ತಿಥಿ ಬೇರೆ, ಹಬ್ಬದ ದಿನ ಮಾಡುವುದು ಬೇರೆ. ಸತ್ತ ದಿನ ಲೆಕ್ಕ ಹಾಕಿ ರಾತ್ರಿ ಹೊತ್ತು ಮಾಡುವುದಕ್ಕೆ ಗಿಜೆಸಾ ಅನ್ನುತ್ತಾರೆ. ಚುಸೊಕ್ ಬೆಳಗ್ಗೆ ಮಾಡುವುದು ಚಾರ್ಯೆ. ಹೊಸ ಬೆಳೆ ಬಂದಿದೆ, ಮೊದಲು ನಿಮಗೆ, ಆಮೇಲೆ ನಮಗೆ ಅಂತ ಹಿರಿಯರ ಮುಂದೆ ಇಡುವುದು. ನಿಮ್ಮ ಊರಿನಲ್ಲಿ ಪಕ್ಷಕ್ಕೆ ಎಡೆ ಇಡುವ ಮನೆಗಳನ್ನು ನೋಡಿರುತ್ತೀರಲ್ಲ? ತಾತನಿಗೆ ಇಷ್ಟವಾದ ಕಜ್ಜಾಯ, ಕೆಲವು ಮನೆಗಳಲ್ಲಿ ಬಾಡೂಟ, ಒಂದು ಕಟ್ಟು ಬೀಡಿ! ಅಮ್ಮನಿಗೆ "ಅವರು ಎಡೆ ಇಡ್ತಾರಮ್ಮ" ಅನ್ನಿ. ಆ ಒಂದು ಪದ ನನ್ನ ಎರಡು ಪುಟದ ಉಪದೇಶಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. 2026ರಲ್ಲಿ ಚುಸೊಕ್ ಬರುವುದು ಸೆಪ್ಟೆಂಬರ್ 25ಕ್ಕೆ. ಮರುದಿನ ನಮ್ಮ ಭಾದ್ರಪದ ಹುಣ್ಣಿಮೆ, ಅದರ ಬೆನ್ನಿಗೇ ಪಿತೃಪಕ್ಷ. ಅವರದ್ದೂ ಚಾಂದ್ರಮಾನದ ಎಂಟನೇ ತಿಂಗಳ ಹುಣ್ಣಿಮೆಯ ಲೆಕ್ಕವೇ. ಇದನ್ನೂ ಹೇಳಿ, ಪಂಚಾಂಗ ನೋಡುವ ಅಮ್ಮಂದಿರಿಗೆ ಇಂಥದ್ದು ಹಿಡಿಸುತ್ತದೆ.

ಇನ್ನು ಅಡ್ಡಬೀಳುವ ಪ್ರಶ್ನೆ. ಇದು ನಿಮ್ಮೊಬ್ಬರ ತಲೆನೋವಲ್ಲ. ಕೊರಿಯನ್ನರು ಇದಕ್ಕಾಗಿ ಜೀವವನ್ನೇ ಕಳೆದುಕೊಂಡಿದ್ದಾರೆ. ಯುನ್ ಜಿ-ಚುಂಗ್ ಎಂಬ ಕ್ಯಾಥೊಲಿಕ್ ಒಬ್ಬ ಹಿರಿಯರ ಹೆಸರಿನ ಹಲಗೆಗಳನ್ನು ಸುಟ್ಟ, ತಾಯಿ ತೀರಿಕೊಂಡಾಗ ಈ ವಿಧಿಗಳನ್ನು ಮಾಡಲು ಒಪ್ಪಲಿಲ್ಲ. 1791ರಲ್ಲಿ ಅವನ ತಲೆ ಕಡಿಸಿದರು. ಇದು ಪೂಜೆಯಲ್ಲ, ಹಿರಿಯರಿಗೆ ಕೊಡುವ ಗೌರವ ಅಂತ ವ್ಯಾಟಿಕನ್ ಒಪ್ಪಿದ್ದು 1939ರಲ್ಲಿ. ಪ್ರಾಟೆಸ್ಟೆಂಟರಲ್ಲಿ ಬಹಳ ಮಂದಿ ಇವತ್ತಿಗೂ ಬೀಳುವುದಿಲ್ಲ, ಬದಲಿಗೆ ಪ್ರಾರ್ಥನೆ ಮಾಡುತ್ತಾರೆ. ಹಾಗಾಗಿ ಅಣ್ಣ ಅಡ್ಡಬೀಳುವಾಗ ಚರ್ಚಿಗೆ ಹೋಗುವ ತಂಗಿ ಪಕ್ಕದಲ್ಲಿ ಸುಮ್ಮನೆ ನಿಲ್ಲುವುದು ಅಲ್ಲಿ ಹೊಸತೇನಲ್ಲ. ಪಕ್ಕದಲ್ಲಿ ನಿಲ್ಲುವವರಿಗೂ ಆ ಕೋಣೆಯಲ್ಲಿ ಜಾಗ ಇದೆ. ನೀವು ಅಲ್ಲೇ ನಿಂತು ಕೈ ಮುಗಿದರೆ ಸಾಕು. ನೀವು ಮನೆಯವರಲ್ಲ, ಬೀಳಲೇಬೇಕು ಅಂತ ಯಾರೂ ಕಾಯುವುದಿಲ್ಲ. ಆ ಹೊತ್ತಿಗೆ ಮನಸ್ಸಾದರೆ ಬೀಳಿ, ಅದೂ ತಪ್ಪಲ್ಲ. ಸತ್ತವರಿಗೆ ಎರಡು ಸಲ ಬೀಳುತ್ತಾರೆ, ಬದುಕಿರುವವರಿಗೆ ಒಂದೇ ಸಲ. ಅಜ್ಜಿಯನ್ನು ಕಂಡ ಖುಷಿಗೆ ಎರಡೆರಡು ಸಲ ನಮಸ್ಕಾರ ಮಾಡಿಬಿಟ್ಟೀರಿ, ಹುಷಾರು! ಹಾಗೇ ಅನ್ನದ ಬಟ್ಟಲಲ್ಲಿ ಚಮಚ, ಕಡ್ಡಿ ನೆಟ್ಟಗೆ ಚುಚ್ಚಿ ಇಡಬೇಡಿ. ಅದೂ ಸತ್ತವರಿಗೆ ಬಡಿಸುವ ರೀತಿ.

ನನಗೆ ನಿಜವಾಗಿ ಚಿಂತೆ ಇರುವುದು ಊಟದ ಬಗ್ಗೆ. ಅದರಲ್ಲೂ ಆ ಕೆಸುವಿನ ಗೆಡ್ಡೆ ಬಗ್ಗೆ. ಅಜ್ಜಿ ಅಂದುಕೊಂಡಿರುವುದು ತೊರಾನ್‌ಗುಕ್ ಮಾಡೋಣ ಅಂತ. ಕೆಸುವಿನ ಗೆಡ್ಡೆಯ ಸಾರು, ಚುಸೊಕ್‌ನ ಅಡುಗೆ. ಮಲೆನಾಡಿನವರಿಗೆ ಬಾಯಲ್ಲಿ ನೀರೂರುತ್ತದೆ. ಆದರೆ ಸಾಮಾನ್ಯವಾಗಿ ಅದನ್ನು ಮಾಡುವುದು ದನದ ಮಾಂಸ ಬೇಯಿಸಿದ ನೀರಿನಲ್ಲಿ. ನೀವು "ಗೋಗಿ (ಮಾಂಸ) ತಿನ್ನಲ್ಲ" ಅಂದರೆ ಅಜ್ಜಿ ತುಂಡುಗಳನ್ನು ತೆಗೆದು, ಗೆಡ್ಡೆ ಮತ್ತು ಸಾರನ್ನು ಪ್ರೀತಿಯಿಂದ ಬಡಿಸುತ್ತಾರೆ. ಅವರ ಲೆಕ್ಕದಲ್ಲಿ ಅದರಲ್ಲಿ ಮಾಂಸ ಇಲ್ಲ. ನಿಮಗೆ ಬೇಕಾದ ಪದ ಯುಕ್ಸು, ಅಂದರೆ ಮಾಂಸ, ಮೀನು ಬೇಯಿಸಿದ ಸಾರು. ಕಿಮ್ಚಿಯಲ್ಲಿ ಉಪ್ಪು ಹಾಕಿ ಕೊಳೆಸಿದ ಮೀನು ಇರುತ್ತದೆ. ಕುಂಬಳದ ಬಿಲ್ಲೆಗಳನ್ನು ಮೊಟ್ಟೆಯಲ್ಲಿ ಅದ್ದಿ, ಮೀನು ಕರಿದ ಕಾವಲಿಯಲ್ಲೇ ಕರಿಯುತ್ತಾರೆ. ಆಂದೊಂಗ್ ಕಡೆ ಎಡೆಯ ಮೇಲೆ ಬೇಯಿಸಿದ ಆಕ್ಟೋಪಸ್ ಇಡುವ ರೂಢಿ, ನೋಡಿ ಬೆಚ್ಚಬೇಡಿ.

ಇದನ್ನೆಲ್ಲ ಅಜ್ಜಿಯ ಊಟದ ಮೇಜಿನ ಮುಂದೆ ಕೂತು ಹೇಳಿದರೆ ಎಲ್ಲರಿಗೂ ಇರುಸುಮುರುಸು. ಈಗಲೇ ಗೆಳತಿಗೆ ಹೇಳಿ. ಮನೆಯವರಿಗೆ ಅರ್ಥವಾಗುವ ಹಾಗೆ ಹೇಳುವ ದಾರಿಯೊಂದಿದೆ: "ಬೌದ್ಧ ಸನ್ಯಾಸಿಗಳ ಹಾಗೆ ಊಟ ಮಾಡ್ತಾಳೆ" ಅಂತ ಹೇಳಿಸಿ. ಕೊರಿಯಾದ ದೇವಸ್ಥಾನಗಳ ಅಡುಗೆಯಲ್ಲಿ ಮಾಂಸ, ಮೀನು ಇಲ್ಲ, ನಮ್ಮ ಮಡಿ ಅಡುಗೆಯ ಹಾಗೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಅಜ್ಜಿಗೆ ತಟ್ಟನೆ ಹೊಳೆಯುತ್ತದೆ.

ಆದರೆ ನಿಮಗಾಗಿ ಬೇರೆ ಅಡುಗೆ ಮಾಡಿಸಬೇಡಿ. ಆ ಮನೆಯ ಸೊಸೆ ಯಾರು? ಗೆಳತಿಯ ಅಮ್ಮ. ಹಬ್ಬ ಬಂದರೆ ಕೊರಿಯಾದ ಸೊಸೆಯಂದಿರಿಗೆ ಸೊಂಟನೋವು, ತಲೆನೋವು, ಸಿಟ್ಟು ಎಲ್ಲ ಒಟ್ಟಿಗೇ ಬರುತ್ತದೆ. ಅದಕ್ಕೆ ಹಬ್ಬದ ಕಾಯಿಲೆ ಅಂತ ಹೆಸರೇ ಇದೆ. ಸೋಲ್‌ನ ಸುಂಗ್‌ಕ್ಯುನ್‌ಗ್ವಾನ್, ಅಂದರೆ ಕನ್ಫ್ಯೂಷಿಯನ್ ಆಚಾರಗಳಿಗೆ ಮಠ ಇದ್ದ ಹಾಗೆ, 2022ರ ಚುಸೊಕ್‌ಗೆ ಮೊದಲು ಒಂದು ಮಾತು ಹೇಳಿತು: ಎಡೆಗೆ ಒಂಬತ್ತು ಬಗೆ ಸಾಕು, ಎಣ್ಣೆಯಲ್ಲಿ ಕರಿದದ್ದು ಬೇಕಾಗಿಲ್ಲ. ಮಠವೇ ಬೇಡ ಅಂದರೂ ಕಾವಲಿ ಇಳಿಸಲು ಅತ್ತೆಯಂದಿರು ಒಪ್ಪಬೇಕಲ್ಲ! ಆ ಅಮ್ಮನಿಗೆ ಹತ್ತನೇ ಬಗೆ ನೀವಾಗಬೇಡಿ. ಡೇಜಾನ್‌ನಿಂದಲೇ ಒಂದು ಡಬ್ಬಿ ಚಿತ್ರಾನ್ನ, ಒಂದಿಷ್ಟು ಚಟ್ನಿಪುಡಿ ತೆಗೆದುಕೊಂಡು ಹೋಗಿ. ಅಲ್ಲಿ ಅನ್ನ ಇರುತ್ತದೆ, ಪಾಲಕ್ ಮತ್ತು ಜರಿಗಿಡದ ಚಿಗುರಿನ ಪಲ್ಯ ಇರುತ್ತದೆ (ಅದಕ್ಕೂ ಯುಕ್ಸು ಹಾಕಿದ್ದಾರಾ ಕೇಳಿ), ಪೇರ್ ಹಣ್ಣು ಇರುತ್ತದೆ. ಸಾಂಗ್‌ಪ್ಯೊನ್ ಅಂತೂ ಇದ್ದೇ ಇರುತ್ತದೆ.

ಸಾಂಗ್‌ಪ್ಯೊನ್ ಅಂದರೆ ನಮ್ಮ ಕಡುಬಿನ ಸಣ್ಣ ತಂಗಿ. ಅಕ್ಕಿ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ಎಳ್ಳು ಸಕ್ಕರೆಯನ್ನೋ ಕಾಳಿನ ಹೂರಣವನ್ನೋ ತುಂಬಿ, ಅರ್ಧಚಂದ್ರದ ಹಾಗೆ ಮಡಚಿ, ಪೈನ್ ಎಲೆ ಹಾಸಿ ಹಬೆಯಲ್ಲಿ ಬೇಯಿಸುತ್ತಾರೆ. ಮುಚ್ಚಳ ತೆಗೆದಾಗ ಕಾಡಿನ ವಾಸನೆ. ಹಿಂದಿನ ದಿನ ಮನೆಯವರೆಲ್ಲ ಸುತ್ತ ಕೂತು ಮಾಡುತ್ತಾರೆ. ನೀವೂ ಕೂತುಕೊಳ್ಳಿ. ಕಡುಬಿನ ಅಂಚು ಒತ್ತಿ ಅಭ್ಯಾಸವಿದ್ದರೆ ಕೈ ತಾನಾಗಿ ಓಡುತ್ತದೆ. ಚೆಂದ ಮಾಡಿದವರಿಗೆ ಒಳ್ಳೆಯ ಗಂಡ ಸಿಗುತ್ತಾನೆ ಅಂತ ಅಲ್ಲೊಂದು ಮಾತಿದೆ. ಅಜ್ಜಿ ಅದನ್ನು ಹೇಳದೆ ಬಿಡುವುದಿಲ್ಲ, 27 ವರ್ಷ ಬೇರೆ ನಿಮಗೆ. ಶಿವಮೊಗ್ಗದಿಂದ ಅಷ್ಟು ದೂರ ಹೋದರೂ ತಪ್ಪಲಿಲ್ಲ, ಏನು ಮಾಡೋದು!

ಒತ್ತಾಯ ಮಾಡಿ ಬಡಿಸುತ್ತಾರೆ, ಅದಕ್ಕೂ ತಯಾರಾಗಿ. ನಮ್ಮ ಮನೆಗೆ ಒಮ್ಮೆ ಗೌರಿ ಹಬ್ಬಕ್ಕೆ ಮಗನ ಜೊತೆ ಅವನ ವಿದೇಶಿ ಸ್ನೇಹಿತ ಬಂದಿದ್ದ. ಬೇಡ ಅನ್ನಲು ಗೊತ್ತಾಗದೆ ಐದು ಒಬ್ಬಟ್ಟು ತಿಂದು, ಆರನೆಯದು ಎಲೆಗೆ ಬಿದ್ದಾಗ ಕಣ್ಣಲ್ಲಿ ನೀರು. ಎಲೆ ಮೇಲೆ ಅಂಗೈ ಅಡ್ಡ ಹಿಡಿಯುವುದನ್ನು ನಾನೇ ಹೇಳಿಕೊಟ್ಟೆ. ಅಲ್ಲಿ ನೀವು "ಬೆಬುಲ್ಲೊಯೊ" ಅನ್ನಿ, ಹೊಟ್ಟೆ ತುಂಬಿತು ಅಂತ. ಎಡೆ ಮುಗಿದ ಮೇಲೆ ಅದರ ಮದ್ಯವನ್ನು ಪ್ರಸಾದದ ಹಾಗೆ ಹಂಚುತ್ತಾರೆ. ಬೇಡವಾದರೆ ಎರಡೂ ಕೈಯಲ್ಲಿ ಬಟ್ಟಲು ತೆಗೆದುಕೊಂಡು, ತುಟಿಗೆ ತಾಗಿಸಿದ ಹಾಗೆ ಮಾಡಿ ಕೆಳಗಿಡಿ.

ಉಡುಗೊರೆಗೆ ಒಂದು ಪೆಟ್ಟಿಗೆ ಹಣ್ಣು ಸಾಕು. ಊರಿನ ಕಾಫಿಪುಡಿ, ಫಿಲ್ಟರ್ ಇದ್ದರೆ ಒಯ್ದು ಅವರ ಅಡುಗೆಮನೆಯಲ್ಲೇ ಒಂದು ಡಿಕಾಕ್ಷನ್ ಇಳಿಸಿ. ಹೊರಡುವಾಗ ಅವರು ಚೆಂದದ ಪೆಟ್ಟಿಗೆಯಲ್ಲಿ ಸ್ಪ್ಯಾಮ್ ಡಬ್ಬಿಗಳನ್ನು ಕೊಟ್ಟರೂ ಕೊಟ್ಟಾರು. ಡಬ್ಬಿಯಲ್ಲಿ ತುಂಬಿದ ಹಂದಿಮಾಂಸ, ಅಲ್ಲಿ ಅದು ಮರ್ಯಾದೆಯ ಹಬ್ಬದ ಉಡುಗೊರೆ. ನಕ್ಕು ಎರಡು ಕೈಯಲ್ಲಿ ತೆಗೆದುಕೊಳ್ಳಿ. ಯಾರಿಗೆ ಕೊಡಬೇಕು ಅಂತ ಆಮೇಲೆ ಹೇಳುತ್ತೇನೆ.

ಉಳಿದದ್ದು ಆ ಸುಳ್ಳು. ಉದ್ದದ ಕ್ಷಮಾಪಣೆ ಬೇಡ. ಲ್ಯಾಬ್‌ನಿಂದ ಹೊರಗೆ ಕರೆದುಕೊಂಡು ಹೋಗಿ, "ಪ್ರಯೋಗ ಗಿಯೋಗ ಏನೂ ಇಲ್ಲ ಕಣೆ. ನಿಮ್ಮನೇಲಿ ಏನು ತಿನ್ನೋದು, ಹೇಗೆ ನಡ್ಕೊಳ್ಳೋದು ಅಂತ ಹೆದರಿ ಹಾಗಂದೆ" ಅಂತ ಹೇಳಿ. ಇಂಗ್ಲಿಷಿನಲ್ಲೋ ಕೊರಿಯನ್‌ನಲ್ಲೋ, ನಿಮಗೆ ಸುಲಭವಾದದ್ದರಲ್ಲಿ. ಅವಳು ಬೈಯಬಹುದು. ಬೈಸಿಕೊಳ್ಳಿ. ಆಮೇಲೆ ಇಬ್ಬರೂ ಸೇರಿ ಆ ಸೀನಿಯರ್ ಹತ್ತಿರ ಹೋಗಿ. ಪಾಪ, ಅವರಿಗೂ ಊರಿದೆ, ಹಬ್ಬ ಇದೆ. ಸ್ಪ್ಯಾಮ್ ಪೆಟ್ಟಿಗೆ ಅವರಿಗೇ.