ಟೆಲಿಕಾಂ ಬಿಟ್ಟು ಡೇಟಾ ಸೈನ್ಸ್ ಕೋರ್ಸ್ ಸೇರಲೇ?

ಆರು ವರ್ಷದ ಟೆಲಿಕಾಂ ಟೆಸ್ಟಿಂಗ್ ಬಿಟ್ಟು, ಡೇಟಾ ಸೈನ್ಸ್ ಕಲಿತು ಐಟಿಗೆ ಹೋಗಲೇ ಅಂತ ಕೇಳಿದ್ದೀರಿ. 2017ರಲ್ಲಿ ನಾನೂ ಇದನ್ನೇ ಯೋಚಿಸುತ್ತಾ ನಾಗವಾರದ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಬ್ಯಾಗಿನಲ್ಲಿ ರಿಲೀವಿಂಗ್ ಲೆಟರ್ ಇತ್ತು.

ನನ್ನದು 2ಜಿ, 3ಜಿಯಲ್ಲಿ ಕಾಲ್ ಜೋಡಿಸುವ ಸ್ವಿಚ್‌ಗಳ ಟೆಸ್ಟಿಂಗ್. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಅವರದು ಬರೀ 4ಜಿ, ಮಾತು ಕೂಡ ಡೇಟಾ ಆಗಿಯೇ ಹೋಗುತ್ತಿತ್ತು, ಅದಕ್ಕೆ ನಮ್ಮ ಸ್ವಿಚ್ ಬೇಕಿರಲಿಲ್ಲ. ದರ ಬಿತ್ತು, ಕಂಪನಿಗಳು ಒಂದರೊಳಗೊಂದು ಸೇರಿಕೊಂಡವು. ನಮ್ಮ ಟೀಮೇ ಹೋಯಿತು.

ಮಾರತ್ತಹಳ್ಳಿಯಲ್ಲಿ 85,000 ರೂಪಾಯಿ ಕಟ್ಟಿ ಕೋರ್ಸ್ ಸೇರಿದೆ. ಆ ದುಡ್ಡು ಹೋಗಲಿ ಬಿಡಿ. ನನ್ನನ್ನು ಮುಳುಗಿಸಿದ್ದು ರೆಸ್ಯೂಮ್. "ಹಳೇದು ಇದ್ರೆ ಯಾರೂ ಕರೆಯಲ್ಲ" ಅಂದರು ಅಲ್ಲಿನವರು. ಏಳು ವರ್ಷದ ಕೆಲಸವನ್ನು ಎರಡು ಸಾಲು ಮಾಡಿಬಿಟ್ಟೆ. ಉಳಿದದ್ದು ಒಂದು ಪ್ರಾಜೆಕ್ಟ್, ಅದೂ ಬ್ಯಾಚಿನ ಎಲ್ಲರ ಹತ್ತಿರ ಇದ್ದದ್ದೇ. ಹೊಸದಾಗಿ ಕಾಲೇಜು ಮುಗಿಸಿದವರ ಸಾಲಿನಲ್ಲಿ ನಾನೂ ನಿಂತೆ. "ಇಷ್ಟು ವರ್ಷ ಏನು ಮಾಡ್ತಿದ್ರಿ?" ಅಂತ ಪ್ರತಿ ಇಂಟರ್‌ವ್ಯೂನಲ್ಲೂ ಕೇಳುವರು. ಚೆನ್ನಾಗಿ ಗೊತ್ತಿದ್ದನ್ನೇ ಮುಚ್ಚಿಟ್ಟು ತಡವರಿಸುತ್ತಿದ್ದೆ. ಎಂಟು ತಿಂಗಳು ಹೀಗೇ. ಅಮ್ಮನ ಚೀಟಿ ದುಡ್ಡಿನಲ್ಲಿ ಬಾಡಿಗೆ ಕಟ್ಟಿದೆ.

ಕೊನೆಗೆ ಹಳೆಯ ಮ್ಯಾನೇಜರ್ ಬೈದು, ಪೂರ್ತಿ ರೆಸ್ಯೂಮ್ ಕಳಿಸಲು ಹೇಳಿದರು. ಆ ಇಂಟರ್‌ವ್ಯೂನಲ್ಲಿ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ನೆಟ್‌ವರ್ಕಿನಲ್ಲಿ ಓಡಾಡುವ ಸಂದೇಶಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತೆರೆದಿತ್ತು, ಜೋಡಣೆಯಾಗದ ಒಂದು ಕಾಲ್. ಕಾಲ್ ಕೇಳುವ ಇನ್‌ವೈಟ್ ಸಂದೇಶ ಹೋಗಿದೆ, ರಿಂಗ್ ಆಗುತ್ತಿದೆ ಅನ್ನುವ 180 ಕೋಡ್ ಬಂದಿಲ್ಲ, ನೇರವಾಗಿ 503 ಎರರ್. ಆಚೆಯ ಸರ್ವರ್ ಕಾಲ್ ತೆಗೆದುಕೊಳ್ಳುವ ಸ್ಥಿತಿಯಲ್ಲೇ ಇಲ್ಲ ಅಂದೆ. ಕೆಲಸ ಸಿಕ್ಕಿತು. ಪೈಥಾನ್ ಆಮೇಲೆ ಅಲ್ಲೇ ಕಲಿತೆ.

ಟೆಲಿಕಾಂ ಬೇರೆ, ಐಟಿ ಬೇರೆ ಅನ್ನುವ ನಿಮ್ಮ ಲೆಕ್ಕವನ್ನೇ ನಾನು ಒಪ್ಪಲ್ಲ. 5ಜಿ ಕೋರ್, ಅಂದರೆ ಟವರುಗಳ ಹಿಂದಿರುವ ಮುಖ್ಯ ನೆಟ್‌ವರ್ಕ್, ಪೂರಾ ಸಾಫ್ಟ್‌ವೇರ್. ಅದರ ಭಾಗಗಳು ವೆಬ್‌ಸೈಟುಗಳ ಹಾಗೆ ಎಚ್‌ಟಿಟಿಪಿ/2ನಲ್ಲಿ ಮಾತಾಡಿಕೊಳ್ಳುತ್ತವೆ, ಈಗ ಹಲವು ಕಡೆ ಓಡುವುದೂ ಕುಬರ್ನೆಟಿಸ್ ಮೇಲೆ, ಅಂದರೆ ಹಲವು ಸರ್ವರ್‌ಗಳಲ್ಲಿ ಸಾಫ್ಟ್‌ವೇರ್ ಓಡಿಸಿ ನೋಡಿಕೊಳ್ಳುವ ವ್ಯವಸ್ಥೆಯ ಮೇಲೆ. ಆ ಕೆಲಸಕ್ಕೆ ನೆಟ್‌ವರ್ಕ್ ಗೊತ್ತಿರುವವರು ಬೇಕು, ಅಲ್ವಾ? ಲಿನಕ್ಸ್, ಪೈಥಾನ್, ಆಮೇಲೆ ಕುಬರ್ನೆಟಿಸ್, ಇದೇ ಕ್ರಮದಲ್ಲಿ ಕಲಿಯಿರಿ. ದಯವಿಟ್ಟು ಈಗಲೇ ಪೇಪರ್ ಹಾಕಬೇಡಿ.

ಓಪನ್‌5ಜಿಎಸ್ ಅನ್ನುವುದು 5ಜಿ ಕೋರ್ ಸಾಫ್ಟ್‌ವೇರ್, ಯುಇರಾನ್‌ಸಿಮ್ ಫೋನ್ ಮತ್ತು ಟವರ್ ಇದ್ದ ಹಾಗೆ ನಟಿಸುವ ಸಾಫ್ಟ್‌ವೇರ್. ಎರಡೂ ಉಚಿತ, ಸಾಧಾರಣ ಲ್ಯಾಪ್‌ಟಾಪ್ ಸಾಕು. ಈ ಶನಿವಾರ ಹಾಕಿಕೊಂಡು, ಆ ನಟಿಸುವ ಫೋನ್ ನೆಟ್‌ವರ್ಕಿಗೆ ಸೇರುವುದನ್ನು ವೈರ್‌ಶಾರ್ಕ್‌ನಲ್ಲಿ ಹಿಡಿದು ನೋಡಿ. ಎಲ್ಲಿ ಸಿಕ್ಕಿಹಾಕಿಕೊಂಡಿತೋ ಇಲ್ಲೇ ಬರೆಯಿರಿ, ನಾನು ನೋಡುತ್ತೇನೆ.